ಕಂಬಿಯ ಆಚೆ ಒಬ್ಬ, ಈಚೆ ಒಬ್ಬ

ಓಕ್ಲೆಂಡಿನ ಆ ಹುಡುಗನಿಗೆ ದಾರಿ ಗೊತ್ತಿರಲಿಲ್ಲ. ಗೋಲ್ಡನ್ ಗೇಟ್ ಸೇತುವೆ ಲೋಕಕ್ಕೆಲ್ಲ ಪರಿಚಿತ. ಕ್ಯಾಲೆಂಡರಿನಲ್ಲಿ, ಸಿನಿಮಾದಲ್ಲಿ, ಕೀಲಿಗೊಂಚಲಿನಲ್ಲಿ ಅದರ ಕಿತ್ತಳೆಗೆಂಪು ಗೋಪುರಗಳನ್ನು ಕಾಣದವರು ಕಡಿಮೆ. ಆದರೆ ಅದೇ ಕೊಲ್ಲಿಯ ಇನ್ನೊಂದು ದಡದಲ್ಲಿದ್ದ ಕೆವಿನ್ ಬರ್ತಿಯಾ ಇಪ್ಪತ್ತೆರಡು ವರ್ಷವಾದರೂ ಅಲ್ಲಿಗೆ ಹೋದವನಲ್ಲ. 2005ರ ಮಾರ್ಚ್ 11ರಂದು ಕಾರು ಹತ್ತಿ ಹೊರಟವನು ನಡುವೆ ನಿಲ್ಲಿಸಿ ದಾರಿ ಕೇಳಬೇಕಾಯಿತು. ಕೇಳಿದ್ದಕ್ಕೆ ಉತ್ತರವೂ ಸಿಕ್ಕಿತು. ಯಾಕಪ್ಪಾ ಹೋಗ್ತಿದ್ದೀಯ ಎಂದು ಯಾರು ತಾನೇ ಕೇಳುತ್ತಾರೆ? ದಿನಾ ಸಾವಿರಾರು ಜನ ನೋಡಲು ಹೋಗುವ ಜಾಗ ಅದು.

ಸೇತುವೆಯ ಕಾಲುದಾರಿಯಲ್ಲಿ ಅವನು ಕಂಬಿಯ ಬಳಿ ಹೋದಾಗ ಹಿಂದಿನಿಂದ ಒಂದು ದನಿ ಕೇಳಿಸಿತು. ಪೊಲೀಸರ ದನಿ. ಕೇಳಿದ್ದೇ ತಡ, ಹುಡುಗ ಕಂಬಿ ದಾಟಿಬಿಟ್ಟ. ಆಚೆ ಬದಿಯಲ್ಲಿ ಹಾದುಹೋಗಿದ್ದ ಒಂದು ಕೊಳವೆಯ ಮೇಲೆ ಹೇಗೋ ಪಾದ ಊರಿತು, ಕೈಗೆ ಉಕ್ಕು ಸಿಕ್ಕಿತು. ಅಲ್ಲೇ ನಿಂತ. ಮುಖ ಎತ್ತಲಿಲ್ಲ.

ದನಿ ಹಾಕಿದ್ದವರ ಹೆಸರೂ ಕೆವಿನ್. ಕ್ಯಾಲಿಫೋರ್ನಿಯಾದ ಹೆದ್ದಾರಿ ಗಸ್ತು ಪಡೆಯ ಕೆವಿನ್ ಬ್ರಿಗ್ಸ್. ಮುಂದಿನ ತೊಂಬತ್ತೆರಡು ನಿಮಿಷ ಕಂಬಿಯ ಆಚೆ ಒಬ್ಬ ಕೆವಿನ್, ಈಚೆ ಒಬ್ಬ ಕೆವಿನ್. ಆಮೇಲೆ ಎಷ್ಟೋ ವರ್ಷ ಈ ಇಬ್ಬರೂ ಆ ತೊಂಬತ್ತೆರಡು ನಿಮಿಷವನ್ನು ವೇದಿಕೆಗಳ ಮೇಲೆ, ಮೈಕಿನ ಮುಂದೆ, ತಮ್ಮತಮ್ಮ ಕಡೆಯಿಂದ ನೆನೆಸಿಕೊಂಡು ಹೇಳಿದ್ದಾರೆ. ಎರಡೂ ಕಡೆಯ ನೆನಪು ಕೂಡುವ ಜಾಗ ಒಂದಿದೆ. ಆ ದಿನ ಪೊಲೀಸರು ಹೆಚ್ಚು ಮಾತಾಡಲಿಲ್ಲ.

ಪೊಲೀಸರ ಸಾಹಸ ಎಂದರೆ ನಮ್ಮ ಕಣ್ಣಿಗೆ ಬರುವ ಚಿತ್ರವೇ ಬೇರೆ. ಬೆನ್ನಟ್ಟುವುದು, ಹಾರುವುದು, ಕೊನೇ ಗಳಿಗೆಯಲ್ಲಿ ಕೈ ಹಿಡಿದು ಎಳೆಯುವುದು. ಬ್ರಿಗ್ಸ್ ಆಳೂ ಅದಕ್ಕೆ ಒಪ್ಪುವಂಥವರೇ. ಎತ್ತರದ ಮೈಕಟ್ಟು, ತಲೆಗೆ ಹೆಲ್ಮೆಟ್ಟು, ಕೆಳಗೆ ಗಸ್ತಿನ ಮೋಟರ್‌ಸೈಕಲ್ಲು. ಸೇತುವೆಯ ಉತ್ತರ ತುದಿಗೆ ಹತ್ತಿಕೊಂಡಿರುವ ಮರಿನ್ ಕೌಂಟಿ ಅವರ ಸೀಮೆ. ಹರೆಯದಲ್ಲಿ ಸೇನೆಗೆ ಸೇರಿದರು. ಅಲ್ಲಿದ್ದಾಗಲೇ ಕ್ಯಾನ್ಸರ್ ಕಾಣಿಸಿಕೊಂಡಿತು; ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ, ಔಷಧ ಎಲ್ಲವನ್ನೂ ಉಂಡು ಎದ್ದರು. ಬಳಿಕ ಜೈಲು ಕಾವಲಿನ ನೌಕರಿ. ಸ್ಯಾನ್ ಕ್ವೆಂಟಿನ್ ಸೆರೆಮನೆಯ ಹೆಸರು ಕೇಳಿದವರಿಗೆ ಆ ಕೆಲಸದ ಬಿಸಿ ಎಂಥದೆಂದು ಗೊತ್ತು. 1990ರಲ್ಲಿ ಹೆದ್ದಾರಿ ಗಸ್ತು ಪಡೆಗೆ ಬಂದರು. 1994ರಿಂದ ಸೇತುವೆ ಅವರ ಪಾಲಿನ ಬೀಟ್ ಆಯಿತು.

ಹೆದ್ದಾರಿ ಪೊಲೀಸರ ಕೆಲಸವೆಂದರೆ ವೇಗವಾಗಿ ಓಡಿಸುವವರಿಗೆ ಚೀಟಿ ಹರಿಯುವುದು, ಅಪಘಾತವಾದರೆ ದಾರಿ ತೆರವು ಮಾಡುವುದು, ಕುಡಿದು ಗಾಡಿ ಹೊಡೆಯುವವರನ್ನು ನಿಲ್ಲಿಸುವುದು. ಜೀವ ಬೇಡವೆಂದು ನಿಂತವರ ಜೊತೆ ಏನು ಮಾತಾಡಬೇಕು ಎಂಬ ಪಾಠ ಆಗ ಅವರಿಗೆ ಆಗಿರಲಿಲ್ಲ. ಹಾಗಾಗಿ ಮೊದಲ ಸಲ ಅಂಥದ್ದು ಎದುರಾದಾಗ ತಾನು ಬರಿಗೈಯಲ್ಲಿ ಹೋಗಿದ್ದೆ ಎಂದು ಬ್ರಿಗ್ಸ್ ಒಪ್ಪಿಕೊಂಡಿದ್ದಾರೆ. ಕಂಬಿಯಾಚೆ ಒಬ್ಬ ಹೆಂಗಸು, ಮೂವತ್ತರ ಹರೆಯ. ಈಚೆ ಇವರು, ಏನು ಹೇಳಬೇಕೆಂದು ತೋಚದೆ. ಆಕೆ ಕೊನೆಗೆ ಹಿಂದೆ ಬಂದರು. ತನ್ನ ಮಾತಿನಲ್ಲಿ ಯಾವುದು ನಾಟಿತು, ಯಾವುದು ಇನ್ನಷ್ಟು ನೋಯಿಸಿರಬಹುದು ಎಂಬ ಲೆಕ್ಕ ಮಾತ್ರ ಅವರಿಗೆ ಸಿಗಲಿಲ್ಲ. ಮುಂದೆ ಇದಕ್ಕೆಂದೇ ತರಬೇತಿಗೆ ಹೋದರು. ಕಲಿತರು, ಬೇರೆಯವರಿಗೂ ಕಲಿಸಿದರು.

ಕಲಿಸುವವರು ಇದ್ದರೇ ಎಂದರೆ, ಇದ್ದರು. ಪೊಲೀಸರಿಗೆ ಮಾತು ಕಲಿಸುವ ಶಾಲೆಗೆ ಅಮೆರಿಕದಲ್ಲಿ ಒಂದು ಪುಟ್ಟ ಇತಿಹಾಸವೇ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒತ್ತೆಯಾಳುಗಳನ್ನು ಬಿಡಿಸುವ ಯತ್ನ ರಕ್ತಪಾತದಲ್ಲಿ ಮುಗಿದ ಮೇಲೆ ನ್ಯೂಯಾರ್ಕ್ ನಗರದ ಪೊಲೀಸರು ಯೋಚನೆಗೆ ಬಿದ್ದರು. ಅವರಲ್ಲೇ ಹಾರ್ವಿ ಷ್ಲಾಸ್‌ಬರ್ಗ್ ಎಂಬ ಪತ್ತೇದಾರರಿದ್ದರು, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಅವರೂ ಫ್ರಾಂಕ್ ಬೋಲ್ಜ್ ಎಂಬ ಅಧಿಕಾರಿಯೂ ಸೇರಿ 1973ರಲ್ಲಿ ಸಂಧಾನದ ತಂಡವೊಂದನ್ನು ಕಟ್ಟಿದರು. ಬಾಗಿಲು ಒಡೆಯುವ ಮುಂಚೆ ಬಾಗಿಲ ಹೊರಗೆ ನಿಂತು ಮಾತಾಡು, ಹೊತ್ತು ಹೋಗಲಿ, ಆವೇಗ ಇಳಿಯಲಿ ಎಂಬುದು ಅವರ ಪಟ್ಟು. ಆ ತಂಡದ ಧ್ಯೇಯವಾಕ್ಯವೇ ‘ನನ್ನ ಜೊತೆ ಮಾತಾಡು’ ಎಂದು. ಹದಿನೈದು ವರ್ಷದ ನಂತರ ಟೆನೆಸ್ಸಿಯ ಮೆಂಫಿಸ್ ನಗರದಲ್ಲಿ ಇನ್ನೊಂದು ಹೆಜ್ಜೆ. ಮಾನಸಿಕ ಅಸ್ವಸ್ಥತೆಯಲ್ಲಿದ್ದ ಯುವಕನೊಬ್ಬ ಪೊಲೀಸರ ಗುಂಡಿಗೆ ಸತ್ತು ಊರೇ ಸಿಟ್ಟಿಗೆದ್ದ ಮೇಲೆ, 1988ರಲ್ಲಿ ಪೊಲೀಸರು, ವೈದ್ಯರು, ರೋಗಿಗಳ ಮನೆಯವರು ಒಟ್ಟಿಗೆ ಕೂತು ನಲವತ್ತು ಗಂಟೆಯ ಪಾಠವೊಂದನ್ನು ರೂಪಿಸಿದರು. ಮುಂದೆ ಅದು ದೇಶದ ಉದ್ದಕ್ಕೂ ಹಬ್ಬಿತು.

ಇಂಥ ಪಾಠಗಳಲ್ಲಿ ಹೇಳಿಕೊಡುವುದು ಬಹುಪಾಲು ಏನನ್ನು ಮಾಡಬಾರದು ಎಂಬುದನ್ನೇ. ಅಪ್ಪಣೆ ಮಾಡಬೇಡ. ಬುದ್ಧಿ ಹೇಳಬೇಡ. ‘ನನಗೆ ಅರ್ಥವಾಗುತ್ತೆ’ ಎನ್ನಬೇಡ, ಎದುರಿಗಿದ್ದವರ ಪಾಡು ನಿನಗೆ ಅರ್ಥವಾಗಿರುವುದಿಲ್ಲ. ಈಡೇರಿಸಲಾಗದ ಮಾತು ಕೊಡಬೇಡ.

ಬ್ರಿಗ್ಸ್ ತಮ್ಮದೇ ಒಂದು ರೀತಿ ಕಂಡುಕೊಂಡರು. ದೂರದಲ್ಲೇ ನಿಂತು, ಹತ್ತಿರ ಬಂದು ಮಾತಾಡಲೇ ಎಂದು ಅನುಮತಿ ಕೇಳುವುದು. ಹುದ್ದೆ ಹೇಳದೆ ಬರೀ ಹೆಸರು ಹೇಳುವುದು. ಇವತ್ತು ಮನಸ್ಸು ಹೇಗಿದೆ ಎಂದು ವಿಚಾರಿಸುವುದು. ಆಮೇಲೆ ಎರಡನೆಯ ಪ್ರಶ್ನೆ: ನಾಳೆಗೆ ಏನು ಅಂದುಕೊಂಡಿದ್ದೀರಿ? ನಾಳೆಗೆ ಏನೂ ಇಲ್ಲ ಎಂದರೆ, ಹಾಗಾದರೆ ಈಗಲೇ ಏನಾದರೂ ಅಂದುಕೊಳ್ಳೋಣ, ಇಬ್ಬರೂ ಸೇರಿ. ಇದು ಲೋಕಾಭಿರಾಮದ ಮಾತಿನ ಹಾಗೆ ಕಾಣುತ್ತದೆ. ಆದರೆ ‘ನಾಳೆ’ ಎಂಬ ಒಂದು ಪದಕ್ಕೆ ಅಲ್ಲಿ ಎಷ್ಟು ತೂಕವಿದೆ ಎಂಬುದನ್ನು ಕಂಬಿಯ ಹತ್ತಿರ ನಿಂತವರೇ ಬಲ್ಲರು.

ಇನ್ನೊಂದು ಮಾತನ್ನು ಅವರು ಹೋದಲ್ಲೆಲ್ಲ ಒತ್ತಿ ಹೇಳುತ್ತಾರೆ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿ, ಹೆದರಬೇಡಿ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ನಮ್ಮಲ್ಲೂ ಇದೆ, ಅಲ್ಲೂ ಇದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ವೈದ್ಯರ ಅನುಭವ ಬೇರೆ. ಯಾರೂ ಆಡದ ಮಾತನ್ನು ಒಬ್ಬರು ಆಡಿದಾಗ ಕೇಳಿಸಿಕೊಂಡವರಿಗೆ ಉಸಿರು ಬಂದಂತಾಗುತ್ತದೆ.

ಮಾರ್ಚ್ 11ಕ್ಕೆ ಬರೋಣ. ಬರ್ತಿಯಾ ಹೊತ್ತು ತಂದಿದ್ದ ಭಾರ ಒಂದೆರಡಲ್ಲ. ಅವನು ದತ್ತುಮಗ, ಆರು ತಿಂಗಳ ಕೂಸಾಗಿದ್ದಾಗ ತಾಯಿ ತಂದು ಸಾಕಿದ್ದರು. ಚಿಕ್ಕಂದಿನಿಂದಲೂ ಮನಸ್ಸಿಗೆ ಮೋಡ ಕವಿಯುವುದಿತ್ತು, ಆದರೆ ಹೇಳಿಕೊಳ್ಳುವ ಅಭ್ಯಾಸ ಇರಲಿಲ್ಲ. ಆ ಮೋಡಕ್ಕೆ ಒಂದು ಹೆಸರಿದೆ, ಔಷಧ ಇದೆ ಎಂಬುದೂ ಗೊತ್ತಿರಲಿಲ್ಲ. ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಮಗು ಉಳಿಯಿತು. ಆಸ್ಪತ್ರೆಯ ಬಿಲ್ಲು ಸುಮಾರು ಎರಡೂವರೆ ಲಕ್ಷ ಡಾಲರ್ ಆಗಿ ಎದುರು ನಿಂತಿತು. ಅಂಚೆ ಇಲಾಖೆಯಲ್ಲಿ ದುಡಿಯುವ ಇಪ್ಪತ್ತೆರಡರ ಹುಡುಗನಿಗೆ ಅದು ಜೀವಮಾನದಲ್ಲಿ ತೀರುವ ಸಾಲದಂತೆ ಕಾಣಲಿಲ್ಲ. ತಾನು ಅಪ್ಪನಾಗಿ ಸೋತೆ, ಮಗನಾಗಿ ಸೋತೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಇದನ್ನೆಲ್ಲ ಅವನು ಯಾರಿಗೂ ಹೇಳಿದವನಲ್ಲ. ಆ ದಿನ, ಬೀಸುಗಾಳಿಯಲ್ಲಿ, ಗುರುತು ಪರಿಚಯ ಇಲ್ಲದ ಪೊಲೀಸರೊಬ್ಬರಿಗೆ ಹೇಳಿದ. ಮುಖ ನೋಡಿ ಹೇಳಲಿಲ್ಲ. ತಲೆ ತಗ್ಗಿಸಿಕೊಂಡೇ, ಬಿಟ್ಟು ಬಿಟ್ಟು, ಸಿಟ್ಟಿನಲ್ಲಿ ಹೇಳಿದ. ಬ್ರಿಗ್ಸ್ ಕಂಬಿಯ ಮೇಲೆ ಬಾಗಿ ಕೇಳಿಸಿಕೊಂಡರು. ತೊಂಬತ್ತೆರಡು ನಿಮಿಷದಲ್ಲಿ ಅವರು ಆಡಿದ ಮಾತನ್ನೆಲ್ಲ ಕೂಡಿಸಿದರೆ ಮೂರು ನಾಲ್ಕು ನಿಮಿಷ ಆದೀತು, ಉಳಿದದ್ದೆಲ್ಲ ಹುಡುಗನದೇ. ನಾವು ಯಾರನ್ನಾದರೂ ಸಮಾಧಾನ ಮಾಡಲು ಹೋದಾಗ ಈ ಲೆಕ್ಕ ಎಷ್ಟು ತಿರುಗುಮುರುಗಾಗಿರುತ್ತದೆ ಎಂದು ನೆನೆಸಿಕೊಂಡರೆ ಇದರ ಕಷ್ಟ ತಿಳಿಯುತ್ತದೆ. ಎದುರಿಗಿದ್ದವರು ಸುಮ್ಮನಾದರೆ ನಮಗೆ ತಡೆಯುವುದಿಲ್ಲ. ಏನಾದರೂ ಹೇಳಿಬಿಡುತ್ತೇವೆ.

ಬ್ರಿಗ್ಸ್ ಆಡಿದ ಆ ಸ್ವಲ್ಪ ಮಾತಿನಲ್ಲಿ ಒಂದು ಮಗಳ ವಿಷಯ. ಮುಂದಿನ ತಿಂಗಳು ಮಗುವಿಗೆ ಮೊದಲ ಹುಟ್ಟುಹಬ್ಬ. ಬಿಲ್ಲು, ನೌಕರಿ, ಸೋಲು ಎಲ್ಲದರ ನಡುವೆ ದಿನಾಂಕ ಗೊತ್ತಿರುವ ಒಂದು ನಾಳೆ ಅಲ್ಲಿತ್ತು. ಬೇರೆ ಯಾವುದಕ್ಕೂ ಅಲ್ಲದಿದ್ದರೂ ಅವಳಿಗಾಗಿ ಇರಬೇಕು ಎಂದು ತನಗೆ ಅಲ್ಲಿ ಅನಿಸಿತು ಎಂದು ಬರ್ತಿಯಾ ಎಷ್ಟೋ ವರ್ಷದ ಮೇಲೆ ಬ್ರಿಗ್ಸ್ ಎದುರಿಗೇ ಕೂತು ಹೇಳಿದ್ದಾರೆ.

ಕೊನೆಗೆ ಹುಡುಗ ಬರುತ್ತೇನೆಂದ. ಯಾರೂ ಮೇಲೆರಗಿ ಹಿಡಿದು ಎಳೆಯಲಿಲ್ಲ. ಈಚೆ ಬರುವ ತೀರ್ಮಾನ ಅವನದೇ, ಕಂಬಿ ದಾಟಲು ಆಸರೆಗೆ ಮಾತ್ರ ಪೊಲೀಸರ ಕೈಗಳು. ಸ್ವಲ್ಪ ಹೊತ್ತಿನ ಮೇಲೆ ಬ್ರಿಗ್ಸ್ ಅವನನ್ನು ಕೇಳಿದರು: ಯಾವುದರಿಂದ ಮನಸ್ಸು ತಿರುಗಿತು? ಉತ್ತರ ಚಿಕ್ಕದು. ನೀವು ನನ್ನನ್ನು ಮಾತಾಡಲು ಬಿಟ್ಟಿರಿ, ಕೇಳಿಸಿಕೊಂಡಿರಿ ಎಂಬ ಅರ್ಥದ್ದು.

ಮಾರನೆಯ ದಿನ ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ ಪತ್ರಿಕೆಯಲ್ಲಿ ಚಿತ್ರ ಬಂತು. ಮೇಲೆ ಕಂಬಿಗೆ ಒರಗಿ ಬಾಗಿದ ಪೊಲೀಸರು, ಕೆಳಗೆ ತಲೆ ತಗ್ಗಿಸಿ ನಿಂತ ಯುವಕ. ಆ ಚಿತ್ರ ದೇಶವೆಲ್ಲ ಸುತ್ತಿತು. ಚಿತ್ರದೊಳಗಿದ್ದವನು ಮಾತ್ರ ವರ್ಷಗಟ್ಟಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಸ್ವಲ್ಪ ದಿನದಲ್ಲೇ ಅವನ ತಾಯಿ ಬ್ರಿಗ್ಸ್ ಅವರಿಗೊಂದು ಪತ್ರ ಬರೆದರು. ಮಗನಿಗೆ ಕಾಯಿಲೆ ಏನೆಂದು ಗೊತ್ತಾಗಿದೆ, ಸರಿಯಾದ ಔಷಧ ನಡೆಯುತ್ತಿದೆ, ಅವನು ಇನ್ನೂ ನಮ್ಮ ಜೊತೆ ಇರುವುದಕ್ಕೆ ನೀವೂ ಒಂದು ಕಾರಣ ಎಂದು. ಪೊಲೀಸರಿಗೆ ಇಂಥ ಪತ್ರ ಬರುವುದು ಅಪರೂಪ. ಕರೆತಂದು ಆಸ್ಪತ್ರೆಗೆ ಒಪ್ಪಿಸಿದ ಮೇಲೆ ಆ ಮನುಷ್ಯ ಏನಾದ ಎಂಬುದೇ ಸಾಮಾನ್ಯವಾಗಿ ತಿಳಿಯುವುದಿಲ್ಲ.

ಎಲ್ಲ ಕಥೆಗಳೂ ಪತ್ರದಲ್ಲಿ ಮುಗಿಯುವುದಿಲ್ಲ. ಇಷ್ಟು ವರ್ಷದಲ್ಲಿ ತಾವು ಮಾತಾಡಿಸಿದ ನೂರಾರು ಜನರಲ್ಲಿ ಇಬ್ಬರು ತಮ್ಮ ಕೈ ತಪ್ಪಿದರು ಎಂದು ಬ್ರಿಗ್ಸ್ ಹೇಳುತ್ತಾರೆ. ಜನ ಅವರಿಗೆ ‘ಗೋಲ್ಡನ್ ಗೇಟ್‌ನ ಕಾವಲುಗಾರ’ ಎಂದು ಹೆಸರಿಟ್ಟು ಉಳಿದವರ ಲೆಕ್ಕ ಹಾಕುವಾಗ, ಅವರು ಆ ಇಬ್ಬರಲ್ಲಿ ಒಬ್ಬನ ಕಥೆಯನ್ನು ತಾವಾಗಿ ಎತ್ತುತ್ತಾರೆ. ಆತ ದೂರದ ರಾಜ್ಯದಿಂದ ಬಂದಿದ್ದವನು. ಸಿಟ್ಟಿಲ್ಲ, ಕೂಗಾಟವಿಲ್ಲ, ಮರ್ಯಾದೆಯ ಮಾತು. ಮಾತಿನ ನಡುವೆ ಪ್ಯಾಂಡೋರಾಳ ಕಥೆ ಗೊತ್ತೇ ಎಂದು ಕೇಳಿದ. ಗೊತ್ತು ಎಂದರು ಬ್ರಿಗ್ಸ್. ಗ್ರೀಕರ ಪುರಾಣದ ಹೆಣ್ಣು ಅವಳು. ತೆರೆಯಬಾರದೆಂದ ಪೆಟ್ಟಿಗೆಯನ್ನು ತೆರೆದಳು. ಲೋಕದ ಸಂಕಟಗಳೆಲ್ಲ ಹೊರಗೆ ಹಾರಿಬಂದವು. ತಳದಲ್ಲಿ ಉಳಿದದ್ದು ಭರವಸೆಯೊಂದೇ. ಆ ಮನುಷ್ಯನ ಪ್ರಶ್ನೆ ಇಷ್ಟೇ ಆಗಿತ್ತು: ಪೆಟ್ಟಿಗೆ ತೆರೆದಾಗ ಒಳಗೆ ಭರವಸೆಯೇ ಇಲ್ಲದಿದ್ದರೆ?

ಅದಾದ ಮೇಲೆ ಆತ ಉಳಿಯಲಿಲ್ಲ.

ಬ್ರಿಗ್ಸ್ ಈ ಪ್ರಶ್ನೆಗೆ ಇಂಥ ಉತ್ತರ ಕೊಡಬೇಕಿತ್ತು ಎಂದು ಎಲ್ಲೂ ಹೇಳಿಲ್ಲ. ಸರಿಯಾದ ಉತ್ತರವೊಂದು ಇತ್ತು, ನನಗೆ ಹೊಳೆಯಲಿಲ್ಲ ಎಂಬ ನಾಟಕವನ್ನೂ ಆಡಿಲ್ಲ. ಅಂಥ ದಿನಗಳಲ್ಲೂ ಪಾಳಿ ಮುಗಿಯುತ್ತದೆ, ವರದಿ ಬರೆಯಬೇಕು, ಮನೆಗೆ ಹೋಗಬೇಕು, ಮಾರನೆಯ ದಿನ ಅದೇ ಮೋಟರ್‌ಸೈಕಲ್ ಏರಿ ಅದೇ ಸೇತುವೆಗೆ ಬರಬೇಕು. ಅವರ ತಾತ ತಮ್ಮ ಜೀವವನ್ನು ತಾವೇ ಕಳೆದುಕೊಂಡವರು. ಖಿನ್ನತೆ ತಮ್ಮನ್ನೂ ಬಿಟ್ಟಿಲ್ಲ ಎಂದು ಬ್ರಿಗ್ಸ್ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಸಮವಸ್ತ್ರ ತೊಟ್ಟವರು ಇದನ್ನು ಬಾಯಿಬಿಟ್ಟು ಹೇಳುವುದು ಯಾವ ದೇಶದಲ್ಲೂ ಸುಲಭವಲ್ಲ. ಕಂಬಿಯ ಆಚೆ ನಿಂತವರ ಮಾತು ಅವರಿಗೆ ಪೂರ್ತಿ ಪರದೇಶದ ಭಾಷೆಯಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಈ ಕಥೆಯಲ್ಲಿ ಮೂರನೆಯ ಕೆವಿನ್ ಒಬ್ಬರಿದ್ದಾರೆ. ಕೆವಿನ್ ಹೈನ್ಸ್. 2000ದ ಸೆಪ್ಟೆಂಬರಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರೂ ಇದೇ ಸೇತುವೆಗೆ ಬಂದರು. ಅವರನ್ನು ಮಾತಾಡಿಸಲು ಬ್ರಿಗ್ಸ್ ಅಂಥವರು ಯಾರೂ ಸಿಗಲಿಲ್ಲ. ಬಸ್ಸಿನಲ್ಲಿ ಅಳುತ್ತಾ ಕೂತಿದ್ದರು. ಯಾರಾದರೂ ಒಬ್ಬರು ಏನಾಯಿತು ಎಂದು ಕೇಳಿದರೆ ಎಲ್ಲವನ್ನೂ ಹೇಳಿಬಿಡಬೇಕು ಎಂದು ಮನಸ್ಸಿನಲ್ಲೇ ಪಣ ಕಟ್ಟಿಕೊಂಡಿದ್ದರು. ಸೇತುವೆಯ ಮೇಲೆ ಪ್ರವಾಸಿ ಹೆಂಗಸೊಬ್ಬರು ಹತ್ತಿರ ಬಂದಾಗ ಒಂದು ಕ್ಷಣ ಆಸೆ ಹುಟ್ಟಿತು. ಆಕೆ ಕ್ಯಾಮೆರಾ ಕೈಗಿಟ್ಟು ತನ್ನ ಚಿತ್ರ ತೆಗೆಯಿರಿ ಎಂದರು. ಹೈನ್ಸ್ ತೆಗೆದುಕೊಟ್ಟರು. ಆ ಹೆಂಗಸಿನ ಮೇಲೆ ಅವರಿಗೆ ಸಿಟ್ಟಿಲ್ಲ. ಗಂಭೀರ ಗಾಯಗಳೊಡನೆ ಬದುಕಿ ಉಳಿದು, ಆ ಕ್ಷಣದಲ್ಲೇ ಪಶ್ಚಾತ್ತಾಪವಾಯಿತು ಎಂದು ಊರೂರು ತಿರುಗಿ ಹೇಳುತ್ತಾ, ತಂದೆಯ ಜೊತೆಗೂಡಿ ಸೇತುವೆಗೊಂದು ತಡೆ ಬೇಕೆಂದು ವರ್ಷಾನುಗಟ್ಟಲೆ ಹೋರಾಡಿದವರು ಅವರು.

ಆ ಹೋರಾಟಕ್ಕೆ ಎದುರಾದ ವಾದಗಳನ್ನು ಕೇಳಿದರೆ ನಮ್ಮ ಪುರಸಭೆಯ ಸಭೆಯೊಂದು ನೆನಪಾಗಬಹುದು. ಸೇತುವೆಯ ಅಂದ ಕೆಡುತ್ತದೆ ಎಂದರು ಕೆಲವರು. ದುಡ್ಡು ಯಾರಪ್ಪನದು ಎಂದರು ಇನ್ನು ಕೆಲವರು. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸಿದ್ದು, ಇಲ್ಲಿ ತಡೆದರೆ ಇನ್ನೆಲ್ಲಿಗೋ ಹೋಗುತ್ತಾರೆ ಎಂಬ ಮಾತು. ಈ ಕೊನೆಯ ಮಾತಿಗೆ 1978ರಲ್ಲೇ ಉತ್ತರ ಸಿಕ್ಕಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಸೈಡನ್, 1937ರಿಂದ 1971ರವರೆಗೆ ಸೇತುವೆಯ ಮೇಲೆ ತಡೆದು ವಾಪಸು ಕರೆತಂದ 515 ಜನ ಮುಂದೆ ಏನಾದರು ಎಂದು ಹುಡುಕಿ ನೋಡಿದರು. ಸುಮಾರು 94 ಪ್ರತಿಶತ ಜನ ಆಗಲೂ ಬದುಕಿದ್ದರು, ಇಲ್ಲವೇ ಸಹಜ ಸಾವು ಕಂಡಿದ್ದರು. ಒಂದು ಗಂಟೆಯ ಮಟ್ಟಿಗೆ ತಡೆದದ್ದು ಬಹುಪಾಲು ಜನರಿಗೆ ಒಂದು ಜೀವಮಾನವೇ ಆಗಿತ್ತು.

ಸೇತುವೆಗೆ ಹಿಂದೆಯೇ ಒಂದು ಬಲೆ ಇತ್ತು ಎಂಬುದು ಬಹಳ ಜನರಿಗೆ ತಿಳಿದಿಲ್ಲ. 1930ರ ದಶಕದಲ್ಲಿ ಕಟ್ಟುವ ಕೆಲಸ ನಡೆದಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಕೂಲಿಯವರ ರಕ್ಷಣೆಗೆಂದು ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದರು. ಆ ಕಾಲಕ್ಕೆ ಅದು ದೊಡ್ಡ ದುಂದು ಎನಿಸಿತ್ತು. ಕಾಲು ಜಾರಿ ಅದರೊಳಗೆ ಬಿದ್ದು ಬದುಕಿದವರು ಹತ್ತೊಂಬತ್ತು ಮಂದಿ. ನರಕಕ್ಕೆ ಅರ್ಧ ದಾರಿ ಹೋಗಿ ಬಂದವರ ಸಂಘ ಎಂದು ಅವರು ತಮಗೆ ತಾವೇ ತಮಾಷೆಯ ಹೆಸರಿಟ್ಟುಕೊಂಡರು. 1937ರ ಫೆಬ್ರವರಿ 17ರಂದು ಅಟ್ಟಣಿಗೆಯೊಂದು ಕಳಚಿ ಬಿದ್ದು ಬಲೆಯನ್ನೂ ಹರಿದುಕೊಂಡು ಹೋಯಿತು, ಹತ್ತು ಜನ ಸತ್ತರು. ಅದೇ ವರ್ಷ ಮೇ 27ರಂದು ಸೇತುವೆ ಜನರಿಗೆ ತೆರೆಯಿತು. ಕೆಲಸ ಮುಗಿದ ಮೇಲೆ ಬಲೆಗೆ ಏನು ಕೆಲಸ? ಇಲ್ಲಿ ಯಾರೂ ಪ್ರಾಣ ಕಳೆದುಕೊಳ್ಳಲಾರರು ಎಂಬ ವಿಶ್ವಾಸವನ್ನು ಸ್ಟ್ರಾಸ್ ಮೊದಲೇ ವ್ಯಕ್ತಪಡಿಸಿದ್ದರು. ಉಳಿದದ್ದು ನಾಲ್ಕು ಅಡಿಯ ಕಂಬಿ.

ಬಲೆ ಮರಳಿ ಬರಲು ಎಂಬತ್ತಾರು ವರ್ಷ ಬೇಕಾಯಿತು. 2008ರಲ್ಲಿ ಸೇತುವೆಯ ಆಡಳಿತ ಮಂಡಳಿ ಒಪ್ಪಿತು, 2014ರಲ್ಲಿ ಹಣ ಮಂಜೂರಾಯಿತು, 2018ರಲ್ಲಿ ಕೆಲಸ ಶುರುವಾಯಿತು, 2024ರ ಜನವರಿಯ ಹೊತ್ತಿಗೆ ಮುಗಿಯಿತು. 7.6 ಕೋಟಿ ಡಾಲರ್ ಎಂದು ಅಂದಾಜು ಮಾಡಿದ್ದ ವೆಚ್ಚ 22 ಕೋಟಿ ದಾಟಿತ್ತು. ಕಾಲುದಾರಿಗಿಂತ 20 ಅಡಿ ಕೆಳಗೆ, 20 ಅಡಿ ಹೊರಚಾಚಿಕೊಂಡು, ಸೇತುವೆಯ ಎರಡೂ ಬದಿ ಉದ್ದಕ್ಕೂ ತುಕ್ಕು ಹಿಡಿಯದ ಉಕ್ಕಿನ ಬಲೆ. ದೂರದಿಂದ ನೋಡುವವರಿಗೆ ಅದು ಕಾಣುವುದೂ ಕಷ್ಟ. ಕಾಲುದಾರಿಯಲ್ಲಿ ಗಸ್ತು ನಿಂತಿಲ್ಲ. ಬಲೆ ಇದ್ದರೂ ಮಾತಾಡಿಸುವವರು ಬೇಕು ಎಂದು ಸೇತುವೆಯವರು ನಂಬಿದ್ದಾರೆ. ಆ ಸಾಲುಸಾಲು ವರ್ಷಗಳಲ್ಲಿ ಬಲೆಯ ಕೆಲಸವನ್ನು ಮಾಡಿದವರು ಬ್ರಿಗ್ಸ್ ಮತ್ತು ಅವರಂಥ ಹತ್ತಾರು ಗಸ್ತಿನವರು, ಬಣ್ಣ ಬಳಿಯುವ, ಉಕ್ಕು ಜೋಡಿಸುವ ಸೇತುವೆಯ ಕೆಲಸಗಾರರು.

ಈ ಕಥೆಯನ್ನು ಕನ್ನಡದಲ್ಲಿ ಓದುವವರಿಗೆ ನಮ್ಮ ಠಾಣೆಗಳ ನೆನಪು ಬಂದೇ ಬರುತ್ತದೆ. ಮಂಗಳೂರಿನ ಬಳಿ ನೇತ್ರಾವತಿ ಸೇತುವೆಯ ಅಂಚಿಗೂ ಈಗ ಕಬ್ಬಿಣದ ಜಾಲರಿ ಬಂದಿದೆ. ಆದರೆ ಜಾಲರಿಗಿಂತ ಹಿಂದಿನದು ಕಾನೂನಿನ ಕಥೆ. 1860ರ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನ ಪ್ರಕಾರ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸವಿತ್ತು. ಉಳಿಸಿಕೊಂಡ ಮನೆಯವರಿಗೆ ಮೊದಲ ಚಿಂತೆ ‘ಕೇಸ್ ಆಗುತ್ತಾ’ ಎಂಬುದು. ಆಸ್ಪತ್ರೆಯಲ್ಲಿ ಸುಳ್ಳು ಹೇಳುವುದು, ಠಾಣೆಯಲ್ಲಿ ಕೈಮುಗಿದು ನಿಲ್ಲುವುದು, ಇನ್ನು ಹೀಗೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡುವುದು. ನೊಂದವರಿಗೆ ಪೊಲೀಸರೆಂದರೆ ಇನ್ನೊಂದು ಹೆದರಿಕೆ ಅಷ್ಟೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ತಿರುಗಿಸಿತು. ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ವಿಚಾರಣೆ ಶಿಕ್ಷೆ ಕೂಡದು, ಆರೈಕೆ ಮಾಡುವುದು ಸರ್ಕಾರದ ಹೊಣೆ ಎಂದಿತು. ಮಾನಸಿಕ ಅಸ್ವಸ್ಥತೆಯಿಂದ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ ಎಂದೂ ಅದರಲ್ಲಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಸರ್ಕಾರಿ ನೌಕರರನ್ನು ಕರ್ತವ್ಯದಿಂದ ಬೆದರಿಸಿ ತಡೆಯಲು ಹಾಗೆ ಯತ್ನಿಸುವುದಷ್ಟೇ ಅಪರಾಧವಾಗಿ ಉಳಿದಿದೆ. ಈ ನಡುವೆ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಆರಂಭವಾಯಿತು. ಇಡೀ ದೇಶದ ಈ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ. 14416 ಒತ್ತಿದರೆ ಹಗಲು ರಾತ್ರಿ ಎನ್ನದೆ, ಕನ್ನಡದಲ್ಲೇ, ದುಡ್ಡಿಲ್ಲದೆ ಒಂದು ದನಿ ಸಿಗುತ್ತದೆ.

ಕಾನೂನು ಬದಲಾದ ವೇಗದಲ್ಲಿ ನಾಲಗೆ ಬದಲಾಗುವುದಿಲ್ಲ. ನಿನಗೇನು ಕಮ್ಮಿಯಾಗಿದೆ, ಹೆತ್ತವರ ಮುಖ ನೋಡಬಾರದಾ, ನಿನಗಿಂತ ಕಷ್ಟ ಪಟ್ಟವರಿಲ್ವಾ ಎನ್ನುವುದು ಪ್ರೀತಿಯಿಂದಲೇ ಬರುವ ಬೈಗುಳ. ರಾತ್ರಿ ಪಾಳಿಯ ಹೊಯ್ಸಳ ಗಾಡಿಯಿಂದ ಇಳಿದು ಮೇಲ್ಸೇತುವೆಯ ಮೇಲೋ ಕೆರೆ ಏರಿಯ ಮೇಲೋ ಒಬ್ಬಂಟಿ ಕೂತವರ ಹತ್ತಿರ ಹೋಗುವ ಪೇದೆಯ ಬಾಯಿಗೂ ಮೊದಲು ಬರುವುದು ಇದೇ. ಅವರಿಗೆ ಬೇರೆ ಮಾತು ಯಾರೂ ಕಲಿಸಿರುವುದಿಲ್ಲ, 1994ರಲ್ಲಿ ಬ್ರಿಗ್ಸ್ ಅವರಿಗೆ ಕಲಿಸಿರದ ಹಾಗೆ.

ಬ್ರಿಗ್ಸ್ 2013ರ ಕೊನೆಯಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾದರು. ಮಾರನೆಯ ವರ್ಷ ವ್ಯಾಂಕೂವರಿನ ಟೆಡ್ ವೇದಿಕೆಯಲ್ಲಿ ಮಾತಾಡಿದರು, 2015ರಲ್ಲಿ ಪುಸ್ತಕ ಬಂತು. ಬರ್ತಿಯಾ ಕೂಡ ಈಗ ಶಾಲೆ ಕಾಲೇಜುಗಳಲ್ಲಿ, ಪೊಲೀಸ್ ತರಬೇತಿಗಳಲ್ಲಿ ತನ್ನ ಕಥೆ ಹೇಳುತ್ತಾರೆ. ಆ ದಿನ ಎಲ್ಲ ಕಷ್ಟಗಳೂ ಮುಗಿದವು ಎಂದು ಅವರು ಹೇಳುವುದಿಲ್ಲ. ಮೋಡ ಮತ್ತೆ ಮತ್ತೆ ಬಂದಿತ್ತು. ಎಂಟು ವರ್ಷ ಅವರು ಆ ದಿನವನ್ನು ಒಳಗೇ ಅದುಮಿ ಇಟ್ಟುಕೊಂಡಿದ್ದರು.

ಅದು ಒಡೆದದ್ದು 2013ರ ಮೇ ತಿಂಗಳಲ್ಲಿ. ಆತ್ಮಹತ್ಯೆ ತಡೆಗೆ ದುಡಿಯುವ ಅಮೆರಿಕದ ಸಂಸ್ಥೆಯೊಂದು ನ್ಯೂಯಾರ್ಕಿನಲ್ಲಿ ಬ್ರಿಗ್ಸ್ ಅವರಿಗೆ ಸಾರ್ವಜನಿಕ ಸೇವೆಯ ಪ್ರಶಸ್ತಿ ಕೊಡುವುದೆಂದು ಗೊತ್ತುಮಾಡಿತು. ಅದನ್ನು ಕೈಗಿಡಲು ಯಾರನ್ನು ಕರೆಯೋಣ ಎಂದು ಯೋಚಿಸಿ, ಓಕ್ಲೆಂಡಿನ ಆ ಹುಡುಗನನ್ನೇ ಹುಡುಕಿದರು. ಅಷ್ಟರಲ್ಲಿ ಅವರಿಗೆ ಮೂವತ್ತು ವರ್ಷ. ಸೇತುವೆಯ ಆ ದಿನದ ನಂತರ ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಕಂಡಿರಲಿಲ್ಲ ಎನ್ನುವುದಕ್ಕಿಂತ, ತೊಂಬತ್ತೆರಡು ನಿಮಿಷ ತಲೆ ತಗ್ಗಿಸಿಕೊಂಡೇ ಇದ್ದ ಬರ್ತಿಯಾ ಅವರಿಗೆ ಆ ಮನುಷ್ಯನ ದನಿಯೇ ಮುಖವಾಗಿತ್ತು. ನ್ಯೂಯಾರ್ಕಿನ ಸಭೆಯಲ್ಲಿ ಸೂಟು ತೊಟ್ಟ ಇಬ್ಬರು ಕೆವಿನ್‌ಗಳು ಎದುರೆದುರು ಬಂದರು. ನಡುವೆ ಕಂಬಿ ಇರಲಿಲ್ಲ. ಫಲಕ ಕೈ ಬದಲಾಯಿಸಿತು. ಬರ್ತಿಯಾ ಅವರ ಮಗಳಿಗೆ ಆಗ ಒಂಬತ್ತು ವರ್ಷ ತುಂಬಿತ್ತು.